ನಾಣ್ಯ ಚಿಮ್ಮಿ ಪಡೆದ ಗೆಲವು

2024ನೆಯ ಇಸವಿ ಫೆಬ್ರವರಿ 8ನೆಯ ತಾರೀಖು ಗುರುವಾರ ಢಾಕಾ ನಗರದ ಕಮಲಾಪುರದ ಕ್ರೀಡಾಂಗಣದಲ್ಲಿ, ದಕ್ಷಿಣ ಏಷ್ಯದ ರಾಷ್ಟ್ರಗಳ ಹತ್ತೊಂಬತ್ತು ವರ್ಷದೊಳಗಿನ ಹೆಣ್ಣುಮಕ್ಕಳ ಕಾಲ್ಚೆಂಡಾಟದ ಪಂದ್ಯಾವಳಿಯು ಮುಗಿಯಬೇಕಾಗಿದ್ದಿತು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ ಈ ನಾಲ್ಕು ದೇಶಗಳು ಸೆಣಸಿ, ಮೊದಲಿನ ಎರಡು ಕಡೆಯ ಪಂದ್ಯಕ್ಕೆ ನಿಂತಿದ್ದವು. ಆಟ ಮೊದಲಾದ ಎಂಟನೆಯ ನಿಮಿಷದಲ್ಲಿಯೇ ಭಾರತದ ಸಿಬಾನಿ ದೇವಿ ಗೋಲು ಹೊಡೆದಳು. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಗಂಟೆಯ ಕಾಲ ಆ ಒಂದು ಗೋಲನ್ನು ಭಾರತದ ಹುಡುಗಿಯರು ಕಾದುಕೊಂಡರು. ತೊಂಬತ್ತು ನಿಮಿಷ ಸಂದು, ವ್ಯರ್ಥವಾದ ಹೊತ್ತಿಗೆಂದು ಕೂಡಿಸಿಕೊಟ್ಟ ನಾಲ್ಕಾರು ನಿಮಿಷಗಳಲ್ಲಿ ಬಾಂಗ್ಲಾದೇಶದ ಸಾಗರಿಕಾ ಚೆಂಡನ್ನು ಬಲೆಗೆ ಸೇರಿಸಿ ಆಟವನ್ನು ಸಮಗೊಳಿಸಿದಳು. ಇಷ್ಟಾದರೆ ಇದು ಒಳ್ಳೆಯ ಆಟವೆಂದು ಹೇಳಿ ಮುಗಿಸಬಹುದಾಗಿತ್ತು. ವಿಚಾರಕ್ಕೆ ಎಡೆಗೊಡುವುದು ಮುಂದೆ ನಡೆದ ಸಂಗತಿ.

ಸಮವಾದ ಆಟವನ್ನು ಇತ್ಯರ್ಥಗೊಳಿಸಲು ಪೆನಾಲ್ಟಿ ಒದೆತಗಳ ಕ್ರಮವುಂಟು. ಹನ್ನೆರಡು ಗಜ ದೂರದಲ್ಲಿ ಚೆಂಡನ್ನಿಟ್ಟು, ಎದುರಿಗೆ ಗೋಲು ಕಾಯುವವಳೊಬ್ಬಳೇ ಇರುವಂತೆ, ಒಂದೊಂದು ಕಡೆಯವರು ಸರದಿಯಾಗಿ ಒದೆಯುವರು. ಮೊದಲು ಐದೈದು, ಅದರಲ್ಲಿಯೂ ಸಮವಾದರೆ ಒಂದೊಂದು. ತಂಡದ ಎಲ್ಲರೂ ಒಂದು ಸಲ ಒದೆಯುವವರೆಗೆ ಯಾರೂ ಎರಡನೆಯ ಸಲ ಒದೆಯಕೂಡದು. ಅಂದು ಭಾರತದ ಹನ್ನೊಂದು ಮಂದಿಯೂ ಗೋಲು ಹೊಡೆದರು. ಬಾಂಗ್ಲಾದೇಶದ ಹನ್ನೊಂದು ಮಂದಿಯೂ ಗೋಲು ಹೊಡೆದರು. ಗೋಲು ಕಾಯುವವರೂ ತಮ್ಮ ಸರದಿಯಲ್ಲಿ ಬಂದು ಒದೆದರು. ಇಪ್ಪತ್ತೆರಡು ಹುಡುಗಿಯರಲ್ಲಿ ಒಬ್ಬಳ ಕಾಲೂ ತಪ್ಪಲಿಲ್ಲ. ನಿಯಮದ ಪ್ರಕಾರ ಇನ್ನು ಎರಡನೆಯ ಸುತ್ತು ಮೊದಲಾಗಬೇಕು. ಆಗ ಪಂದ್ಯದ ಮೇಲ್ವಿಚಾರಣೆಗೆಂದು ನೇಮಕವಾಗಿದ್ದ ಅಧಿಕಾರಿಯು, ನಾಣ್ಯವನ್ನು ಚಿಮ್ಮಿ ತೀರ್ಮಾನಿಸತಕ್ಕದ್ದೆಂದು ಅಪ್ಪಣೆಮಾಡಿದನು. ನಾಣ್ಯವು ಭಾರತದ ಪರವಾಗಿ ಬಿದ್ದಿತು. ಭಾರತದ ಹುಡುಗಿಯರು ಕುಣಿದಾಡಿದರು. ಬಾಂಗ್ಲಾದೇಶದವರು ಕಣವನ್ನು ಬಿಟ್ಟು ಕದಲಲೊಲ್ಲೆವೆಂದು ನಿಂತರು. ನೋಟಕರಲ್ಲಿ ಕೆಲವರು ಬಾಟಲಿಗಳನ್ನು ಎಸೆದರು. ಗದ್ದಲವು ಬೆಳೆದ ಮೇಲೆ ಅಧಿಕಾರಿಯು ತನ್ನ ಅಪ್ಪಣೆಯನ್ನು ತಾನೇ ಹಿಂತೆಗೆದುಕೊಂಡು ಒದೆತಗಳು ಮುಂದುವರಿಯಲೆಂದನು. ಅಷ್ಟರಲ್ಲಿ ಭಾರತದವರು ಕಣದಿಂದ ಹೊರಟುಹೋಗಿದ್ದರು, ಮರಳಿ ಬರಲಿಲ್ಲ. ಬಹಳ ಹೊತ್ತು ಮಾತುಕತೆಗಳಾಗಿ, ಕೊನೆಗೆ ಎರಡು ದೇಶಗಳೂ ಜಂಟಿಯಾಗಿ ಗೆದ್ದವೆಂದು ಸಾರಲಾಯಿತು.

ಇದನ್ನು ಓದಿದವರಲ್ಲಿ ಹೆಚ್ಚಿನವರು ಎರಡು ಪಂಗಡವಾಗುವರು. ಕೈಗೆ ಬಂದ ಗೆಲವನ್ನು ಭಾರತದಿಂದ ಕಿತ್ತುಕೊಂಡರೆಂಬುದು ಒಂದು; ಭಾರತಕ್ಕೆ ಸಲ್ಲದ ಗೆಲವು ಸಂದಿತ್ತು, ಅದು ಅರ್ಧದಷ್ಟಾದರೂ ಸರಿಹೋಯಿತೆಂಬುದು ಇನ್ನೊಂದು. ಇವೆರಡೂ ಯಾರ ಕೈಗೆ ಬಟ್ಟಲು ಬಂದಿತೆಂಬುದನ್ನೇ ನೋಡುತ್ತವೆಯಲ್ಲದೆ, ಗೆಲವೆಂದರೇನು ಎಂಬ ಮೂಲವನ್ನು ಮುಟ್ಟುವುದಿಲ್ಲ. ನಾಣ್ಯದಿಂದ ಬಂದುದನ್ನು ಗೆಲವೆನ್ನಬಹುದೆ? ಅಧಿಕಾರವುಳ್ಳವನು ತಪ್ಪಾಗಿ ಕೊಟ್ಟುದನ್ನು ತೆಗೆದುಕೊಂಡವರಿಗೆ ದೋಷವುಂಟೆ? ಗದ್ದಲದ ನಡುವೆ ತಿದ್ದಿದ ತೀರ್ಪು ನ್ಯಾಯವಾಗುವುದೆ? ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹೆಣ್ಣುಮಕ್ಕಳ ಆಟದಲ್ಲಿ ಎದ್ದ ಪ್ರಶ್ನೆಗಳೆಂದು ಇವನ್ನು ಸಣ್ಣವೆಂದೆಣಿಸಬೇಕಾಗಿಲ್ಲ. ದೊಡ್ಡವರ ಸಭೆಗಳಲ್ಲಿ ಇವೇ ಪ್ರಶ್ನೆಗಳು ಬೇರೆ ಉಡುಪಿನಲ್ಲಿ ಬರುತ್ತವೆ.

ಮೊದಲು ನಾಣ್ಯದ ವಿಷಯ. ಚೀಟಿಯೆತ್ತಿ ಅಥವಾ ಗುಳಿಗೆ ಹಾಕಿ ನಿರ್ಣಯಿಸುವುದು ಸ್ವತಃ ನಿಂದ್ಯವಲ್ಲ. ಇದು ಪುರಾತನವಾದ ಮತ್ತು ಶಾಸ್ತ್ರಸಮ್ಮತವಾದ ಮಾರ್ಗ. ಜೀಮೂತವಾಹನನು ತನ್ನ ದಾಯಭಾಗದಲ್ಲಿ ವಿಭಾಗವೆಂದರೇನೆಂದು ನಿರೂಪಿಸುವಾಗಲೇ ಗುಟಿಕಾಪಾತವನ್ನು ಹೆಸರಿಸಿರುವನು. ಆ ಗ್ರಂಥವು ಪ್ರಮಾಣವಾಗಿದ್ದುದು ಢಾಕಾ ನಗರವಿರುವ ವಂಗದೇಶದಲ್ಲಿಯೇ ಎಂಬುದು ಕಾಕತಾಳೀಯವಾದರೂ ನೆನೆಯತಕ್ಕ ಮಾತು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಅನುಸರಿಸುವ ಈ ಕಡೆಯ ಮನೆಗಳಲ್ಲಿಯೂ ಅಣ್ಣತಮ್ಮಂದಿರು ಪಾಲಾಗುವಾಗ, ಪಾಲುಗಳನ್ನು ಸರಿಸಮನಾಗಿ ಕಟ್ಟಿ, ಏನೂ ಅರಿಯದ ಮಗುವಿನ ಕೈಯಿಂದ ಚೀಟಿಯೆತ್ತಿಸುವ ವಾಡಿಕೆಯುಂಟು. ಮಲೆನಾಡಿನಲ್ಲಿ ಮದುವೆ ಮೊದಲಾದ ಕಾರ್ಯಗಳಿಗೆ ಮನಸ್ಸು ಇಬ್ಬಗೆಯಾದಾಗ ದೇವರಲ್ಲಿ ಹೂವಿನ ಪ್ರಸಾದ ಕೇಳುವರು. ಇಂದಿನ ರಾಜ್ಯಾಂಗದಲ್ಲಿಯೂ ಇದಕ್ಕೆ ಸ್ಥಾನವುಂಟು: 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 65ನೆಯ ಪ್ರಕರಣದಂತೆ ಇಬ್ಬರು ಉಮೇದುವಾರರಿಗೆ ಮತಗಳು ಸಮನಾದರೆ ಚೀಟಿಯೆತ್ತಿಯೇ ತೀರ್ಮಾನಿಸಬೇಕು.

ಈ ಉದಾಹರಣೆಗಳನ್ನೆಲ್ಲ ಜೊತೆಗಿಟ್ಟು ನೋಡಿದರೆ ಒಂದು ಲಕ್ಷಣವು ತೋರುವುದು. ಪಾಲಿನ ಚೀಟಿಗೆ ಮೊದಲೇ ಪಾಲುಗಳು ಸಮವಾಗಿರಬೇಕು; ಯಾವುದು ಬಂದರೂ ಯಾರಿಗೂ ಅನ್ಯಾಯವಾಗಕೂಡದು. ಮತಗಳು ಸಮನಾದಲ್ಲಿ ಮತದಾರರು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿದಿದೆ. ಒಬ್ಬನನ್ನೇ ಕಳುಹಿಸಬೇಕಾಗಿರುವುದರಿಂದ ಬೇರೆ ದಾರಿಯಿಲ್ಲ. ಎಂದರೆ, ವಿವೇಚನೆಯು ತನ್ನ ಕೆಲಸವನ್ನು ಮುಗಿಸಿ ನಿಂತ ಎಡೆಯಲ್ಲಿ ಮಾತ್ರ ಚೀಟಿಗೆ ಅಧಿಕಾರ. ಜೊತೆಗೆ ಇನ್ನೊಂದಿದೆ: ಚೀಟಿಯೆತ್ತುವೆವೆಂಬುದನ್ನು ಎರಡು ಪಕ್ಷದವರೂ ಮೊದಲೇ ಒಪ್ಪಿರಬೇಕು, ಇಲ್ಲವೆ ಕಾಯಿದೆಯು ಮೊದಲೇ ಸಾರಿರಬೇಕು. ಢಾಕಾದಲ್ಲಿ ಎರಡೂ ಇರಲಿಲ್ಲ. ಹುಡುಗಿಯರ ಕಾಲುಗಳಲ್ಲಿ ಇನ್ನೂ ಶಕ್ತಿಯಿತ್ತು, ಹನ್ನೆರಡು ಗಜದ ಗೆರೆ ಅಲ್ಲಿಯೇ ಇತ್ತು, ಎರಡನೆಯ ಸುತ್ತನ್ನು ನಿಯಮವೇ ವಿಧಿಸಿತ್ತು. ಕೇಳಬೇಕಾದ ಸಾಕ್ಷಿಗಳು ಬಾಗಿಲಲ್ಲಿ ನಿಂತಿರುವಾಗಲೇ ನ್ಯಾಯಾಧೀಶನು ಪಗಡೆ ಹಾಸಿದಂತಾಯಿತು.

ಕಾಲ್ಚೆಂಡಾಟದ ಲೋಕವು ನಾಣ್ಯವನ್ನು ಅರಿಯದ್ದೇನೂ ಅಲ್ಲ. ಅದನ್ನು ಪರೀಕ್ಷಿಸಿ ಬಿಟ್ಟದ್ದು. 1968ರ ಜೂನ್ 5ರಂದು ನೇಪಲ್ಸ್ ನಗರದಲ್ಲಿ ಇಟಲಿಗೂ ಸೋವಿಯೆಟ್ ರಷ್ಯಕ್ಕೂ ಯೂರೋಪು ಖಂಡದ ಪಂದ್ಯಾವಳಿಯ ಉಪಾಂತ್ಯದ ಆಟ ನಡೆದು, ಎರಡು ಗಂಟೆಯಾದರೂ ಯಾರೂ ಗೋಲು ಹೊಡೆಯಲಿಲ್ಲ. ನಾಣ್ಯ ಚಿಮ್ಮಲಾಗಿ ಇಟಲಿಯ ನಾಯಕನು ಗೆದ್ದನು. ಆಮೇಲೆ ಯುಗೊಸ್ಲಾವಿಯವನ್ನು ಸೋಲಿಸಿ ಇಟಲಿಯು ಯೂರೋಪಿಗೆ ಮೊದಲಿಗನೆನಿಸಿತು. ಆ ಬಿರುದು ಇಂದಿಗೂ ಪುಸ್ತಕದಲ್ಲಿದೆ. ಅದರ ಬುಡದಲ್ಲಿ ಒಂದು ನಾಣ್ಯವಿದೆ. ಅದೇ ವರ್ಷ ಮೆಕ್ಸಿಕೊದ ಒಲಿಂಪಿಕ್ ಕೂಟದಲ್ಲಿ ಇಸ್ರೇಲ್ ದೇಶದವರು ಬಲ್ಗೇರಿಯದೊಡನೆ ಸಮನಾಗಿ ಆಡಿ, ಚೀಟಿಯಲ್ಲಿ ಸೋತು ಮನೆಗೆ ಹೋದರು. ನೊಂದವರೇ ಮುಂದಾಗಿ ಸಲಹೆಗಳನ್ನು ಕಳುಹಿಸಿದರು. 1970ರಲ್ಲಿ ಆಟದ ನಿಯಮಗಳನ್ನು ರಚಿಸುವ ಮಂಡಲಿಯು ಪೆನಾಲ್ಟಿ ಒದೆತಗಳನ್ನು ಅಂಗೀಕರಿಸಿ ನಾಣ್ಯವನ್ನು ಆ ಸ್ಥಾನದಿಂದ ಇಳಿಸಿತು. ಐವತ್ತು ವರ್ಷಗಳ ಮೇಲೆ ಕಮಲಾಪುರದಲ್ಲಿ ಅದೇ ನಾಣ್ಯ ಮತ್ತೆ ಪೀಠವೇರಿತು.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ಪೆನಾಲ್ಟಿ ಒದೆತವೂ ಜೂಜೇ ತಾನೆ? ಗೋಲು ಕಾಯುವವಳು ಎಡಕ್ಕೆ ಬೀಳುವಳೋ ಬಲಕ್ಕೆ ಬೀಳುವಳೋ ಎಂಬ ಊಹೆಯ ಮೇಲೆ ಒದೆಯುವುದಕ್ಕೂ, ರಾಜನೋ ಅಕ್ಷರವೋ ಎಂದು ಕೇಳುವುದಕ್ಕೂ ಏನು ಭೇದ? ಮತ್ತು ಒದೆತಗಳಲ್ಲಿ ಮೊದಲು ಯಾರು ಒದೆಯಬೇಕೆಂಬುದನ್ನೂ ನಾಣ್ಯವೇ ಹೇಳುವುದಲ್ಲವೆ? ಈ ಆಕ್ಷೇಪವು ಜಾಣತನದ್ದು, ಆದರೆ ನಿಲ್ಲದು. ಮೊದಲು ಒದೆಯುವವರು ಯಾರೆಂದು ಹೇಳುವ ನಾಣ್ಯವು ಸರದಿಯನ್ನು ಮಾತ್ರ ನಿಶ್ಚಯಿಸುತ್ತದೆ, ಫಲವನ್ನು ಕೊಡುವುದಿಲ್ಲ. ಊಹೆಯ ಮಾತಿಗೆ ಹೆಚ್ಚು ವಿಚಾರ ಬೇಕು.

ದೈವ ಪುರುಷಕಾರಗಳಲ್ಲಿ ಯಾವುದು ದೊಡ್ಡದೆಂದು ಆನುಶಾಸನಿಕಪರ್ವದಲ್ಲಿ ಧರ್ಮರಾಯನು ಭೀಷ್ಮರನ್ನು ಕೇಳುವನು. ಹೊಲ ಮತ್ತು ಬೀಜಗಳ ದೃಷ್ಟಾಂತವು ಅಲ್ಲಿ ಬರುವುದು: ಒಂದಿಲ್ಲದೆ ಇನ್ನೊಂದು ಬೆಳೆಯಾಗದು. ಯಾಜ್ಞವಲ್ಕ್ಯರು ಎರಡು ಗಾಲಿಗಳ ರಥವನ್ನು ಹೇಳಿ, ಮುಂದುವರಿದು, ದೈವವೆಂಬುದು ಹಿಂದಿನ ಜನ್ಮದ ಪುರುಷಕಾರವೇ ಎಂದು ತಿಳಿಸಿರುವರು. ಇದನ್ನು ಗಮನಿಸಬೇಕು. ಶಾಸ್ತ್ರಕಾರರ ದೈವವು ಯಾರೋ ಮಾಡಿದ ಕರ್ಮದ ಫಲ. ಅದಕ್ಕೆ ಒಡೆಯನುಂಟು, ಕಾರಣವುಂಟು. ನಾಣ್ಯವು ದೈವವಲ್ಲ, ಅದು ಯದೃಚ್ಛೆ. ಶ್ವೇತಾಶ್ವತರ ಉಪನಿಷತ್ತಿನಲ್ಲಿ ಕಾಲ, ಸ್ವಭಾವ, ನಿಯತಿಗಳನ್ನು ಹೇಳಿ ಯದೃಚ್ಛೆಯನ್ನು ಬೇರೆಯಾಗಿಯೇ ಎಣಿಸಿದೆ. ಪೆನಾಲ್ಟಿ ಒದೆಯುವ ಹುಡುಗಿಯ ಪಾಲಿಗೆ ಅದೃಷ್ಟವೆಷ್ಟೇ ಬೆರೆತಿರಲಿ, ಚೆಂಡಿಗೆ ತಗಲುವುದು ಅವಳ ಕಾಲು; ವರ್ಷಾನುಗಟ್ಟಲೆ ಬೆಳಗಿನ ಮಂಜಿನಲ್ಲಿ ಓಡಿದ ಕಾಲು. ಅವಳು ತಪ್ಪಿದರೆ ತಪ್ಪಿದವಳು ಅವಳೇ, ಅವಳು ಅಳಬಹುದು. ಹೊಡೆದರೆ ಹೊಡೆದವಳು ಅವಳೇ. ನಾಣ್ಯದ ಮುಂದೆ ಅಳುವುದಕ್ಕೂ ಅವಳಿಗೆ ಹಕ್ಕಿಲ್ಲ, ಏಕೆಂದರೆ ಅವಳು ಮಾಡಿದುದೇನೂ ಇಲ್ಲ. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸ ಮೊದಲುಮಾಡಿದಾಗ ಯುದ್ಧಾನಂತರದ ಪೇಟೆಯಲ್ಲಿ ಕಬ್ಬಿಣದ ಬೆಲೆ ಇಳಿದಿತ್ತು. ಪೇಟೆಯು ಯಾರ ಕೈಯೊಳಗೂ ಇರಲಿಲ್ಲ. ಆದರೆ ವಿಶ್ವೇಶ್ವರಯ್ಯನವರು ಮಂಡಲಿಯ ಅಧ್ಯಕ್ಷರಾಗಿ ಕುಳಿತು ಅದನ್ನು ನಿಲ್ಲಿಸಿಕೊಂಡುದು ಕೈಯೊಳಗಿನ ಕೆಲಸವಾಗಿತ್ತು. ಲಾಭವಾಗಲಿ ನಷ್ಟವಾಗಲಿ, ಇದು ಇವರದು ಎಂದು ಹೇಳುವಂತಿದ್ದಿತು.

ಹೀಗೆ ನೋಡಿದರೆ, ನಾಣ್ಯದಿಂದ ಬಂದುದು ಬಟ್ಟಲು, ಗೆಲವಲ್ಲ. ಇನ್ನು ತೆಗೆದುಕೊಂಡವರ ದೋಷದ ವಿಚಾರ. ಇದಕ್ಕೆ ಭದ್ರಾವತಿಯಲ್ಲಿಯೇ ಹುಟ್ಟಿದವರೊಬ್ಬರ ಚರಿತ್ರೆಯು ಅಳತೆಗೋಲಾಗಿ ಸಿಕ್ಕುವುದು.

ಗುಂಡಪ್ಪ ವಿಶ್ವನಾಥರು 1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಜನಿಸಿದರು. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಲಿಯ ಸುವರ್ಣ ಮಹೋತ್ಸವಕ್ಕೆಂದು ಮುಂಬಯಿಯಲ್ಲಿ ಇಂಗ್ಲೆಂಡಿನ ಮೇಲೆ ನಡೆದ ಟೆಸ್ಟ್ ಪಂದ್ಯದಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ಟುಗಳು ಬೇಗನೆ ಬಿದ್ದು, ಬಾಬ್ ಟೇಲರ್ ಆಡುತ್ತಿದ್ದಾಗ, ಚೆಂಡು ಬ್ಯಾಟಿಗೆ ತಗಲಿ ಹಿಂದೆ ಹಿಡಿಯಲ್ಪಟ್ಟಿತೆಂದು ಅಂಪೈರರು ಔಟೆಂದು ತೀರ್ಪಿತ್ತರು. ಟೇಲರ್ ತಡೆದು ನಿಂತರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಗಲಲಿಲ್ಲವೆಂದು ತೋರಿತು. ಅವರು ಅಂಪೈರರ ಬಳಿಗೆ ಹೋಗಿ ತೀರ್ಪನ್ನು ಹಿಂತೆಗೆಯಬೇಕೆಂದು ಕೇಳಿಕೊಂಡರು, ಟೇಲರ್ ಮುಂದುವರಿದರು. ಅವರೂ ಬೋಥಮ್ಮರೂ ಸೇರಿ ಆರನೆಯ ವಿಕೆಟ್ಟಿಗೆ 171 ಓಟಗಳನ್ನು ಕೂಡಿಸಿದರು. ಬೋಥಮ್ಮರು ನೂರಕ್ಕೆ ಮೀರಿ ಹೊಡೆದುದಲ್ಲದೆ ಪಂದ್ಯದಲ್ಲಿ ಹದಿಮೂರು ವಿಕೆಟ್ಟುಗಳನ್ನೂ ಕೆಡವಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಸ್ವಂತ ದೇಶದ ಉತ್ಸವದ ಪಂದ್ಯ, ಸ್ವಂತ ನೆಲ, ತೀರ್ಪು ತನ್ನ ಪರ. ಅಂಪೈರರು ಕೊಟ್ಟರು, ನಾವು ತೆಗೆದುಕೊಂಡೆವು ಎಂದಿದ್ದರೆ ಯಾರೂ ಒಂದು ಮಾತಾಡುತ್ತಿರಲಿಲ್ಲ. ವಿಶ್ವನಾಥರು ನಾಯಕನಾಗಿ ಆಡಿದುದು ಎರಡೇ ಟೆಸ್ಟುಗಳು, ಅವುಗಳಲ್ಲಿ ಇದೊಂದು. ನಾಯಕತ್ವದಲ್ಲಿ ಕುಶಲತೆ ಸಾಲದಾಯಿತೆಂದು ಅಂದಿನವರಲ್ಲಿ ಕೆಲವರು ಮುಖ ಸಿಂಡರಿಸಿರಬಹುದು. ಆದರೆ ಅಂದಿನ ಓಟಗಳ ಲೆಕ್ಕವನ್ನು ಮರೆತವರೂ ಆ ಕರೆಯನ್ನು ಮರೆತಿಲ್ಲ.

ಹಾಗಾದರೆ ಭಾರತದ ಹುಡುಗಿಯರೂ ನಾಣ್ಯವನ್ನು ನಿರಾಕರಿಸಬೇಕಾಗಿತ್ತೆ? ಆತುರದಿಂದ ಹೌದೆನ್ನಬಾರದು. ಎರಡು ಪ್ರಸಂಗಗಳಲ್ಲಿ ಭೇದವಿದೆ. ವಿಶ್ವನಾಥರಿಗೆ ತಿಳಿದಿತ್ತು, ಚೆಂಡು ತಗಲಲಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅವರಿಗೆ ಆಗ ಮೂವತ್ತೊಂದು ವರ್ಷ. ಹತ್ತು ವರ್ಷಗಳ ಆಟದ ಅನುಭವ. ಆ ಹುಡುಗಿಯರಿಗೆ ಹನ್ನೊಂದು ಒದೆತಗಳಾದ ಮೇಲೆ ನಿಯಮವು ಏನು ಹೇಳುವುದೆಂಬುದು ತಿಳಿದಿರಬೇಕೆಂದು ನಿರೀಕ್ಷಿಸುವುದು ಕಷ್ಟ. ಅಷ್ಟು ದೂರ ಹೋಗುವ ಪಂದ್ಯವೇ ಅಪೂರ್ವ. ಅಧಿಕಾರಿಯ ಮಾತೇ ಅವರಿಗೆ ನಿಯಮ. ಅರಿಯದೆ ಪಡೆದುದರಲ್ಲಿ ಕಳ್ಳತನವಿಲ್ಲ. ಕಳ್ಳಮಾಲೆಂದು ತಿಳಿಯದೆ ಬೆಲೆಕೊಟ್ಟು ಕೊಂಡವನನ್ನು ಕಳ್ಳನೆಂದು ಯಾವ ಸ್ಮೃತಿಕಾರನೂ ಹೇಳಲಾರನು. ಆದರೆ ಒಡೆಯನು ಬಂದು ಕೇಳಿದಾಗ ಆ ಮಾಲನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲವೆಂಬುದನ್ನೂ ಅದೇ ಸ್ಮೃತಿಗಳು ಹೇಳುತ್ತವೆ. ಆದುದರಿಂದ ಅವರ ಕುಣಿತದಲ್ಲಿ ದೋಷವನ್ನು ಹುಡುಕುವುದು ನಿರ್ದಯೆ. ನಾಣ್ಯವು ತಪ್ಪೆಂದು ಪ್ರಕಟವಾಗಿ, ಮರಳಿ ಒದೆಯಲು ಬನ್ನಿರೆಂದು ಕರೆ ಬಂದಾಗ ಹೋಗದಿದ್ದುದು ಬೇರೆ ಪ್ರಶ್ನೆ. ಆ ಗಳಿಗೆಯಲ್ಲಿ ಹೋಗುವುದನ್ನೂ ಬಿಡುವುದನ್ನೂ ನಿಶ್ಚಯಿಸುವವರು ಹುಡುಗಿಯರಲ್ಲ, ಜೊತೆಯಲ್ಲಿದ್ದ ಹಿರಿಯರು. ಬಾಟಲಿಗಳು ಬೀಳುತ್ತಿರುವ ಕಣಕ್ಕೆ ಮಕ್ಕಳನ್ನು ಮರಳಿ ಕರೆದೊಯ್ಯದಿರುವುದಕ್ಕೆ ಅವರಲ್ಲಿ ಕಾರಣವಿದ್ದೀತು. ಆದರೆ ರಕ್ಷಣೆಯು ಒಂದು ಕಾರಣ, ಗೆಲವು ಕೈಜಾರೀತೆಂಬುದು ಇನ್ನೊಂದು; ಎರಡೂ ಒಂದೇ ಬಾಯಿಂದ ಹೊರಟಾಗ ಯಾವುದು ಯಾವುದೆಂದು ಹೊರಗಿನವರು ಬೇರ್ಪಡಿಸಲಾರರು.

ಹಿರಿಯರ ಮಾತು ಬಂದಾಗ ಕುರುಸಭೆಯು ನೆನಪಾಗದೆ ಇರದು. ಅಲ್ಲಿಯೂ ಒಬ್ಬ ಹೆಣ್ಣುಮಗಳು ನಿಯಮವನ್ನೇ ಕುರಿತು ಪ್ರಶ್ನೆ ಕೇಳಿದಳು: ತನ್ನನ್ನು ತಾನೇ ಸೋತವನಿಗೆ ಇನ್ನೊಬ್ಬರನ್ನು ಪಣವಿಡುವ ಅಧಿಕಾರವೆಲ್ಲಿಯದು? ಬಲ್ಲವರು ತಲೆತಗ್ಗಿಸಿದರು, ಧರ್ಮವು ಸೂಕ್ಷ್ಮವೆಂದರು. ಆ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಮೊದಲನೆಯ ಜೂಜಿನ ಫಲವನ್ನು ಧೃತರಾಷ್ಟ್ರನು ಅಂದೇ ಮರಳಿಸಿದನು. ರಾಜ್ಯವನ್ನೂ ಬಿಡುಗಡೆಯನ್ನೂ ಕೊಟ್ಟನು. ಆದರೆ ಪ್ರಶ್ನೆಗೆ ಉತ್ತರವಿತ್ತು ಮರಳಿಸಿದುದಲ್ಲ. ನರಿಗಳು ಊಳಿಟ್ಟುದನ್ನು ಕೇಳಿ ಬೆದರಿ, ವರವೆಂದು ಹೇಳಿ ಮರಳಿಸಿದನು. ಅನ್ಯಾಯವೆಂದು ಹೇಳಿ ತಿದ್ದಿದ್ದರೆ ಎರಡನೆಯ ಜೂಜಿಗೆ ಎಡೆಯಿರುತ್ತಿರಲಿಲ್ಲ. ಢಾಕಾದ ಅಧಿಕಾರಿಯು ಬೆದರಿ ತಿದ್ದಿದನೆಂದು ಹೇಳಲು ಯಾರಿಗೂ ಆಧಾರವಿಲ್ಲ. ಆದರೂ ಗದ್ದಲವಾದ ಮೇಲೆ ಬಂದ ತಿದ್ದುಪಡಿಗೆ, ಅದು ಎಷ್ಟೇ ಸರಿಯಾಗಿರಲಿ, ಗದ್ದಲದ ಕಲೆ ತಗಲುವುದು. ಬಾಂಗ್ಲಾದೇಶದ ಹುಡುಗಿಯರು ಕದಲದೆ ನಿಂತುದು ನಿಯಮಕ್ಕಾಗಿ. ಮೆಟ್ಟಿಲುಗಳಿಂದ ಬಾಟಲಿ ಬಂದುದು ನಿಯಮಕ್ಕಾಗಿ ಅಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಆದುದರಿಂದ ಹುಡುಗಿಯರ ನ್ಯಾಯವಾದ ಹಟಕ್ಕೆ ಸಲ್ಲಬೇಕಾದ ಗೌರವವು ಪೂರ್ತಿಯಾಗಿ ಸಲ್ಲಲಿಲ್ಲ. ಇದೇ ಈ ಪ್ರಸಂಗದಲ್ಲಿ ಅತ್ಯಂತ ವಿಷಾದದ ಅಂಶವೆನ್ನಬೇಕು.

ಕೊನೆಗೆ ಬಂದ ಜಂಟಿ ಗೆಲವನ್ನು ಏನೆನ್ನಬೇಕು? ಇಬ್ಬರ ಹಕ್ಕೂ ಸಮವಾಗಿರುವಲ್ಲಿ ಹಂಚುವುದು ನ್ಯಾಯವೇ. ಅಂದಿನ ಆಟದ ಲೆಕ್ಕವನ್ನು ನೋಡಿದರೆ ಒಂದಕ್ಕೊಂದು, ಹನ್ನೊಂದಕ್ಕೆ ಹನ್ನೊಂದು. ಹಂಚಿಕೆಗೆ ಇದಕ್ಕಿಂತ ಒಳ್ಳೆಯ ಆಧಾರ ಯಾವುದು? ಆದರೆ ಆ ಹಂಚಿಕೆಯು ಈ ಲೆಕ್ಕದಿಂದ ಹುಟ್ಟಿದುದಲ್ಲ, ದಣಿವಿನಿಂದ ಹುಟ್ಟಿತು. ಒಬ್ಬರಿಗೆ ಕೊಟ್ಟುದನ್ನು ಅರ್ಧ ಕಿತ್ತು, ಒಬ್ಬರಿಂದ ಕಿತ್ತುದನ್ನು ಅರ್ಧ ಮರಳಿಸಿದಂತಾದುದರಿಂದ ಇಬ್ಬರಿಗೂ ತಮ್ಮ ಪಾಲು ಕಡಮೆಯಾಯಿತೆಂಬ ಕಹಿಯೇ ಉಳಿಯಿತು. ಒದೆತಗಳು ಹನ್ನೊಂದರಲ್ಲಿ ನಿಂತ ಗಳಿಗೆಯಲ್ಲಿಯೇ ಎರಡು ತಂಡಗಳ ನಾಯಕಿಯರನ್ನು ಕರೆದು, ಮುಂದೆ ಒದೆಯುವಿರೋ ಹಂಚಿಕೊಳ್ಳುವಿರೋ ಎಂದು ಕೇಳುವಂತಿದ್ದು, ಅವರೇ ಹಂಚಿಕೊಂಡಿದ್ದರೆ, ಬಟ್ಟಲು ಅದೇ ಆಗಿದ್ದರೂ ಅದರ ತೂಕ ಬೇರೆಯಾಗುತ್ತಿತ್ತು.

ಈ ವಿಚಾರವು ಶಿವಮೊಗ್ಗೆಗೆ ದೂರದ್ದೆಂದು ಗೃಹಸ್ಥರು ತಿಳಿಯಬಾರದು. ಈಚೆಗೆ ಹೆಣ್ಣುಮಕ್ಕಳು ಶಾಲೆಯ ಪಂದ್ಯಗಳಿಗೆ ಹೋಗುವುದು ಮನೆಮನೆಯ ಮಾತಾಗುತ್ತಿದೆ. ನೆಹರು ಕ್ರೀಡಾಂಗಣವಾಗಲಿ ಭದ್ರಾವತಿಯ ಮೈದಾನಗಳಾಗಲಿ ಗಂಡುಹುಡುಗರ ಸೊತ್ತಾಗಿ ಉಳಿದಿಲ್ಲ. ಮಲೆನಾಡಿನ ಮಳೆ ಬಂದಿತು, ಕತ್ತಲಾಯಿತು, ಊರಿಗೆ ಹೋಗುವ ಬಸ್ಸು ತಪ್ಪೀತು ಎಂದು ಹೇಳಿ ಸಮವಾದ ಆಟವನ್ನು ಚೀಟಿಯಿಂದ ಮುಗಿಸುವ ಆಸೆ ಯಾವ ಮೇಲ್ವಿಚಾರಕನಿಗೂ ಬಂದೀತು. ಹುಡುಗಿಯರ ಆಟವಾದರೆ ಆ ಆಸೆಗೆ ಬಲ ಹೆಚ್ಚು. ಅವರದೇನು, ಹೇಗೋ ಮುಗಿದರಾಯಿತು ಎಂಬ ಭಾವನೆಯು ಬಾಯಲ್ಲಿ ಬಾರದಿದ್ದರೂ ಮನಸ್ಸಿನ ಮೂಲೆಯಲ್ಲಿರುವುದುಂಟು. 2022ರ ಅಕ್ಟೋಬರಿನಲ್ಲಿ ಹದಿನೇಳರೊಳಗಿನ ಹೆಣ್ಣುಮಕ್ಕಳ ವಿಶ್ವಪಂದ್ಯಾವಳಿಯು ಭಾರತದಲ್ಲಿಯೇ ನಡೆದು, ಭಾರತದ ತಂಡವು ಅಮೆರಿಕಕ್ಕೆ ಎಂಟು, ಮೊರಾಕೊಗೆ ಮೂರು, ಬ್ರೆಜಿಲಿಗೆ ಐದು ಗೋಲುಗಳನ್ನು ಬಿಟ್ಟುಕೊಟ್ಟು, ತಾನೊಂದನ್ನೂ ಹೊಡೆಯದೆ ಹೊರಬಂದಿತು. ಅದನ್ನು ಅವಮಾನವೆಂದವರುಂಟು. ಆ ಹದಿನಾರು ಗೋಲುಗಳಲ್ಲಿ ಒಂದೂ ನಾಣ್ಯದಿಂದ ಬಂದುದಲ್ಲ. ಆ ಸೋಲು ಆ ಹುಡುಗಿಯರದೇ ಆಗಿತ್ತು. ಅದರಿಂದ ಅವರು ಕಲಿಯಬಹುದಾದುದು ಇದ್ದಿತು. ಕಮಲಾಪುರದ ನಾಣ್ಯದಿಂದ ಕಲಿಯಬಹುದಾದುದು ಯಾವುದು?

ಢಾಕಾದ ಪಂದ್ಯವಾಗಿ ತಿಂಗಳು ಕಳೆದ ಮೇಲೆ, 2024ರ ಮಾರ್ಚ್ 10ರಂದು, ನೇಪಾಳದಲ್ಲಿ ಹದಿನಾರು ವರ್ಷದೊಳಗಿನವರ ಪಂದ್ಯಾವಳಿಯ ಕಡೆಯ ಆಟಕ್ಕೆ ಇವೇ ಎರಡು ದೇಶಗಳ ಇನ್ನೂ ಚಿಕ್ಕ ಹುಡುಗಿಯರು ಎದುರುಬದುರಾದರು. ಅಂದೂ ಆಟವು ಒಂದಕ್ಕೊಂದು ಸಮವಾಯಿತು. ಅಂದೂ ಒದೆತಗಳ ಸರದಿ ಬಂದಿತು. ಆದರೆ ಅಂದು ಒದೆತಗಳೇ ತೀರ್ಮಾನವನ್ನು ಹೇಳಿದವು. ಬಾಂಗ್ಲಾದೇಶದವರು ಮೂರಕ್ಕೆ ಎರಡರಂತೆ ಗೆದ್ದರು. ಭಾರತದವರು ಸೋತು, ಎದುರಾಳಿಗಳ ಕೈಕುಲುಕಿ, ಊರಿಗೆ ಮರಳಿದರು.